ಶೆಡ್ಡಿನ ಕೇಬಲ್ ಪರೀಕ್ಷಿಸಿಕೊಟ್ಟವರಿಗೆ

ಶೆಡ್ಡಿಗೆ ನೆಲದಡಿ ಹೋಗಿರುವ ಹಳೆಯ ಆರ್ಮರ್ಡ್ ಕೇಬಲ್ (ಒಳಗೆ ಉಕ್ಕಿನ ತಂತಿಯ ರಕ್ಷಾಕವಚ, ಅಂದರೆ ಆರ್ಮರ್, ಇರುವಂಥದ್ದು) ಎಂಥದ್ದು ಎಂದು ಬಿಡಿಸಿ ತೋರಿಸಿದ ಎಲೆಕ್ಟ್ರಿಷಿಯನ್ ಅವರೇ, ನಿಮಗೆ ಮನಃಪೂರ್ವಕ ಧನ್ಯವಾದ. ಹೊರಗಿನ ಕಪ್ಪು ಹೊದಿಕೆ ಒರೆಸಿ ಅದರ ಮೇಲೆ ಅಚ್ಚಾಗಿದ್ದದ್ದನ್ನು ಓದಿಸಿದಿರಿ: ಮೂರು ಕೋರ್, ಅಂದರೆ ಕರೆಂಟಿನ ಒಳತಂತಿ, ಒಂದೊಂದೂ 4 ಚದರ ಮಿಲಿಮೀಟರ್. ದಪ್ಪ ನೋಡಿ ಅಂದಾಜು ಮಾಡಬೇಡಿ, ಉಕ್ಕಿನ ತಂತಿಯ ಸುತ್ತೇ ಅಷ್ಟು ಜಾಗ ತಿನ್ನುತ್ತದೆ ಎಂದಿರಿ.

ಎಂಸಿಬಿ (ದೋಷವಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿ ಬೀಗ ಹಾಕಿದ ಮೇಲೂ ನೀವು ಕೈ ಹಾಕಲಿಲ್ಲ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಬೇರೆ ಲೈನಿನಲ್ಲಿ, ಆಮೇಲೆ ಈ ಕೇಬಲ್ಲಿನಲ್ಲಿ, ಟೆಸ್ಟರೇ ಕೆಟ್ಟಿಲ್ಲ ಎಂದು ಖಚಿತವಾಗಲು ಮತ್ತೆ ಆ ಲೈನಿನಲ್ಲಿ ಹಿಡಿದು ನೋಡಿದಿರಿ. ಆ ಶಿಸ್ತು ನನಗೆ ಎಲ್ಲಕ್ಕಿಂತ ಹಿಡಿಸಿತು.

ಎರಡೂ ತುದಿ ಬಿಚ್ಚಿ ಮೆಗ್ಗರಿನಿಂದ (ಇನ್ಸುಲೇಶನ್ ಅಳೆಯುವ ಮೀಟರ್) 500 ವೋಲ್ಟ್ ಕೊಟ್ಟಾಗ ಇನ್ಸುಲೇಶನ್, ಅಂದರೆ ತಂತಿಗಳ ಮೇಲಿನ ಕರೆಂಟ್ ತಡೆಯುವ ಹೊದಿಕೆ, ಗಟ್ಟಿಯಾಗಿಯೇ ಇತ್ತು. ಅದರ ತಡೆ ಕನಿಷ್ಠ 1 ಮೆಗಾಓಮ್ (ಹತ್ತು ಲಕ್ಷ ಓಮ್) ಬೇಕು. ಒಳ್ಳೆಯ ಕೇಬಲ್ ಅದಕ್ಕಿಂತ ಎಷ್ಟೋ ಹೆಚ್ಚು ತೋರಿಸುತ್ತದೆ. ತೊಂದರೆ ಇದ್ದದ್ದು ಮೇನ್ ಬೋರ್ಡಿನ ಕಡೆಯ ಗ್ಲ್ಯಾಂಡಿನಲ್ಲಿ, ಅಂದರೆ ಕೇಬಲ್ಲಿನ ತುದಿಯನ್ನೂ ಆರ್ಮರನ್ನೂ ಬಿಗಿಯಾಗಿ ಹಿಡಿಯುವ ಲೋಹದ ಬಿಡಿಭಾಗದಲ್ಲಿ. ಅದು ತುಕ್ಕು ಹಿಡಿದು ಸಡಿಲವಾಗಿ, ಆರ್ಮರಿಗೆ ಅರ್ತಿಂಗೇ ಇರಲಿಲ್ಲ. ಅಗೆಯುವಾಗ ಗುದ್ದಲಿ ತಗುಲಿ ಫೇಸ್ (ಕರೆಂಟ್ ಇರುವ ತಂತಿ) ಆರ್ಮರಿಗೆ ತಾಗಿದ್ದರೆ, ಎಂಸಿಬಿ ಟ್ರಿಪ್ ಆಗದೆ ಇಡೀ ಉಕ್ಕಿನ ಸುತ್ತಿಗೇ ಕರೆಂಟ್ ಬರುತ್ತಿತ್ತು!

ಹೊಸ ಗ್ಲ್ಯಾಂಡ್, ಆರ್ಮರನ್ನು ಅರ್ತಿಗೆ ಜೋಡಿಸುವ ಅರ್ತ್ ಟ್ಯಾಗ್ ಹಾಕಿಕೊಟ್ಟು, ಹೆಸರು ಹೇಳಬೇಡಿ ಎಂದಿರಿ, ಹೇಳಿಲ್ಲ. ಆ ಶೆಡ್ಡಿನಲ್ಲಿ ನಮ್ಮ ಮಕ್ಕಳು ಓಡಾಡುತ್ತಾರೆ, ಸ್ವಾಮಿ. ನಿಮ್ಮ ಉಪಕಾರ ದೊಡ್ಡದು.