ವಿರೋಧಾಭಾಸವಲ್ಲ, ವದತೋವ್ಯಾಘಾತ

ಮಾನ್ಯ ಸಂಪಾದಕರೇ,

ರಾಜಕಾರಣಿಯೊಬ್ಬರು ಒಂದೇ ಭಾಷಣದಲ್ಲಿ ‘ತೆರಿಗೆ ಏರಿಸಿಯೇ ಇಲ್ಲ’ ಎಂದೂ ‘ಏರಿಸಿದ ತೆರಿಗೆಯಿಂದಲೇ ರಸ್ತೆಯಾಯಿತು’ ಎಂದೂ ಹೇಳಿದರೆ, ವರದಿಗಳೂ ಟಿವಿ ಚರ್ಚೆಗಳೂ ಅದನ್ನು ‘ವಿರೋಧಾಭಾಸ’ ಎಂದುಬಿಡುತ್ತವೆ. ಆ ಪದ ಅಲ್ಲಿಗೆ ಒಪ್ಪದು. ಆಭಾಸವೆಂದರೆ ಬರೀ ತೋರಿಕೆ. ಮೇಲ್ನೋಟಕ್ಕೆ ವಿರೋಧ ಕಂಡು, ಯೋಚಿಸಿದಾಗ ಕರಗಿಹೋದರೆ ಅದು ವಿರೋಧಾಭಾಸ ಎಂಬ ಅಲಂಕಾರ. ‘ಕೊಟ್ಟಷ್ಟೂ ಹೆಚ್ಚುವ ಸಂಪತ್ತು’ ಎಂಬಲ್ಲಿ ಸಂಪತ್ತು ವಿದ್ಯೆಯೆಂದು ಹೊಳೆದ ಕ್ಷಣ ವಿರೋಧ ಮಾಯ. ಭಾಷಣಕಾರರಿಗೆ ನಾವು ಪುಕ್ಕಟೆಯಾಗಿ ಕವಿಪಟ್ಟ ಕಟ್ಟುತ್ತಿದ್ದೇವೆ!

ಕರಗದ ವಿರೋಧಕ್ಕೆ ತರ್ಕಶಾಸ್ತ್ರದ ಪದ ವದತೋವ್ಯಾಘಾತ. ‘ವದತಃ’ ಅಂದರೆ ಮಾತಾಡುತ್ತಿರುವವನ. ‘ವ್ಯಾಘಾತ’ ಅಂದರೆ ಹೊಡೆತ. ತನ್ನ ಮಾತಿಗೆ ತನ್ನದೇ ಪೆಟ್ಟು. ಸಂಧಿಯಲ್ಲಿ ವಿಸರ್ಗ ಓಕಾರವಾಗಿದೆ, ಹಾಗಾಗಿ ‘ವದತವ್ಯಾಘಾತ’ ಎಂದು ಬರೆಯುವುದು ತಪ್ಪು. ‘ನನ್ನ ತಾಯಿ ಬಂಜೆ’ ಎಂಬುದು ಇದಕ್ಕೆ ಹಳೆಯ ಉದಾಹರಣೆ. ‘ನಾನು ಮೌನವ್ರತದಲ್ಲಿದ್ದೇನೆ’ ಎಂದು ಬಾಯಿಬಿಟ್ಟು ಹೇಳುವುದು ಇನ್ನೂ ಸೊಗಸು: ಅಲ್ಲಿ ಆಡುವ ಕ್ರಿಯೆಯೇ ಆಡಿದ ಮಾತನ್ನು ಸುಳ್ಳಾಗಿಸುತ್ತದೆ.

ಬಳಸುವ ಮುನ್ನ ನೋಡಬೇಕಾದದ್ದು ಇಷ್ಟು: ಆಡಿದವರು ಒಬ್ಬರೇನಾ? ಎರಡೂ ಕಡೆ ಪದದ ಅರ್ಥ ಒಂದೇನಾ? ಹೇಳಿದ್ದು ಒಂದೇ ಕಾಲದ ಸಂಗತಿಯನ್ನಾ? ನಿನ್ನೆ ಬೇಡವೆಂದವರು ಇಂದು ಬೇಕೆಂದರೆ ಅದು ನಿಲುವಿನ ಬದಲಾವಣೆ. ಇಬ್ಬರು ಸಚಿವರ ಮಾತು ತಾಳೆಯಾಗದಿದ್ದರೆ ಭಿನ್ನಾಭಿಪ್ರಾಯ. ತಲೆಬರಹಕ್ಕೆ ವದತೋವ್ಯಾಘಾತ ಉದ್ದವಾಯಿತೆನ್ನಿಸಿದರೆ ‘ವೈರುಧ್ಯ’ ಎಂದು ಹಾಕಿ, ಧಾರಾಳವಾಗಿ ಸಾಕು.

– ಓದುಗ, ಧಾರವಾಡ