ಕಾರಿನಲ್ಲಿ ಪಿಸ್ತೂಲ್ ಜೊತೆಗಿದ್ದಾಗ

ಗೆಳೆಯರೇ, ಲೈಸೆನ್ಸ್ ಇರುವ ಪಿಸ್ತೂಲ್ ಇಟ್ಟುಕೊಂಡು ಕಾರು ಓಡಿಸುವವರು ದಯವಿಟ್ಟು ಗಮನಿಸಿ. ಅದನ್ನು ಪಕ್ಕದ ಸೀಟಿನ ಮೇಲೋ ಕೆಳಗೋ ಸುಮ್ನೆ ಇಡಬೇಡಿ. ಜೋರಾಗಿ ಬ್ರೇಕ್ ಹಾಕಿದರೆ ಜಾರಿ ಪೆಡಲ್ ಕೆಳಗೆ ಸಿಕ್ಕಿಕೊಳ್ಳಬಹುದು. ಆಗ ಪಿಸ್ತೂಲೂ ಕೈಗೆ ಸಿಗುವುದಿಲ್ಲ, ಬ್ರೇಕೂ ಹಿಡಿಯುವುದಿಲ್ಲ. ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್‌ನಲ್ಲಿ (ಪಿಸ್ತೂಲ್ ಇಡುವ ಒರೆಯಲ್ಲಿ) ಮೈಮೇಲೆಯೇ ಇರಲಿ. ಸೀಟ್ ಬೆಲ್ಟ್ ಬಕಲ್ ಇರುವ ಬದಿಗೇ ಹೋಲ್‌ಸ್ಟರ್ ಇದ್ದರೆ ಕೈ ಹೋಗುವುದು ಕಷ್ಟ. ಹಾಗಂತ ಬೆಲ್ಟ್ ಬಿಡಬೇಡಿ, ರಸ್ತೆಯಲ್ಲಿ ಅಪಘಾತದ ಭಯವೇ ಜಾಸ್ತಿ ಅಲ್ವಾ? ಹೋಲ್‌ಸ್ಟರ್ ಜಾಗ ಬದಲಿಸಿ ನೋಡಿ, ಆದರೆ ಹೊರಡುವ ಮೊದಲು, ಗುಂಡು ತೆಗೆದ ಮೇಲೆ. ಓಡಿಸುವಾಗ ಮುಟ್ಟಲೇಬೇಡಿ.

ಕಾರಿನಲ್ಲಿ ಬಿಟ್ಟು ಹೋಗಲೇಬೇಕಾದರೆ ಕಾರಿಗೆ ಬಿಗಿದ ಬೀಗದ ಪೆಟ್ಟಿಗೆಯಲ್ಲಿಡಿ. ಪೊಲೀಸರು ನಿಲ್ಲಿಸಿದರೆ ಎರಡೂ ಕೈ ಸ್ಟೀರಿಂಗ್ ಮೇಲಿರಲಿ, ಪಿಸ್ತೂಲ್ ಇದೆ ಎಂದು ಶಾಂತವಾಗಿ ಹೇಳಿ.