ಮೂರು ನೋಟ್‌ಬುಕ್‌ಗಳ ಋಣ

ಎಲ್ಲರಿಗೂ ಶರಣು.

ಹೋದ ಸೋಮವಾರ ಮಧ್ಯಾಹ್ನ ಪಂಚಾಯಿತಿಯಿಂದ ಫೋನ್ ಬಂತು. "ಅಕ್ಕಾ, ಕೆಲಸದ ಆದೇಶ ಬಂದದ, ಲಗೂ ಬರ್ರಿ" ಅಂದರು. ಜೆರಾಕ್ಸ್ ಅಂಗಡಿಯ ಶಟರ್ ಅರ್ಧ ಎಳೆದು ಓಡಿದೆ. ನಮ್ಮ ಸೀಮೆಯ ಹಳೇ ಗುಡಿ, ಶಾಸನ ನೋಡಲು ಬರುವವರಿಗೆ ಸೌಕರ್ಯ ಮಾಡಿಕೊಡುವ ಆದೇಶ ಅದು, ನಿಂತಲ್ಲೇ ಓದಿದೆ. ಮುಖ್ಯ ರಸ್ತೆಯಿಂದ ಹಳೇ ಗುಡಿಯವರೆಗಿನ ದಾರಿ, ಶೌಚಾಲಯ, ಕುಡಿಯುವ ನೀರು, ತಿರುವುಗಳಲ್ಲಿ ನಾಮಫಲಕ, ಹೊಲಗಳಲ್ಲಿ ಬಿದ್ದಿರುವ ಶಾಸನ ಮತ್ತು ಶಿಲ್ಪಗಳನ್ನು ತಂದಿಡಲು ಒಂದು ಸೂರು. ಕೊನೆಯ ಪುಟಕ್ಕೆ ಬರುವಾಗ ಕೈ ನಡುಗುತ್ತಿತ್ತು. ಮಾರ್ಗದರ್ಶಿಗಳನ್ನು ಸುತ್ತಲಿನ ಹಳ್ಳಿಗಳ ಯುವಕ ಯುವತಿಯರಿಂದಲೇ ಆರಿಸಿ ತರಬೇತಿ ಕೊಡಬೇಕು, ಬಂದವರಿಗೆ ಊಟ ಚಹಾದ ವ್ಯವಸ್ಥೆಯನ್ನು ಊರಿನ ಮಹಿಳಾ ಸ್ವಸಹಾಯ ಸಂಘಕ್ಕೆ ವಹಿಸಬೇಕು ಎಂಬ ಎರಡು ಸಾಲು ಅಲ್ಲಿದ್ದವು. ಆರು ವರ್ಷ ನಾವು ಬಡಿದಾಡಿದ್ದು ಹೆಚ್ಚಾಗಿ ಆ ಎರಡು ಸಾಲಿಗೆ.

ಋಣ ಇದ್ದವರಿಗೆಲ್ಲ ಎದುರು ನಿಂತು ಹೇಳಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಎಂದು ಹಲವರು ಕೇಳಿಕೊಂಡರು, ಹಾಗಾಗಿ ಯಾರ ಹೆಸರನ್ನೂ ಬರೆದಿಲ್ಲ. ನಮ್ಮೂರ ಹೆಸರನ್ನೂ ಬಿಟ್ಟಿದ್ದೇನೆ. ಈ ಕೂಗು ಒಂದೂರಿನದಾಗಿರಲಿಲ್ಲ, ನಾಲವಾರ ಸ್ಟೇಷನ್ನಿನ ಕಡೆಯಿಂದ ಭೀಮಾ ದಂಡೆಯವರೆಗಿನ ಹಳ್ಳಿಗಳೆಲ್ಲ ಸೇರಿ ಹಾಕಿದ್ದು. ಓದಿದಾಗ ಅವರವರಿಗೆ ಗೊತ್ತಾಗುತ್ತದೆ.

ನಮ್ಮ ಸೀಮೆ ನೋಡದವರಿಗಾಗಿ ಸ್ವಲ್ಪ ಹೇಳಬೇಕು. ಕಲಬುರಗಿ ಜಿಲ್ಲೆ, ಚಿತ್ತಾಪುರ ತಾಲೂಕು, ಭೀಮಾ ದಂಡೆಯ ಸನ್ನತಿ. ಅಲ್ಲಿಯ ಚಂದ್ರಲಾಂಬೆಯ ಗುಡಿಗೆ ದೂರದೂರದಿಂದ ಮನೆದೇವರೆಂದು ನಡೆದುಕೊಳ್ಳುವವರು ಬರುತ್ತಾರೆ. 1986ರಲ್ಲಿ ಅದೇ ಆವರಣದ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಮೂರ್ತಿಯ ಪೀಠವಾಗಿದ್ದ ಚಪ್ಪಡಿಯನ್ನು ಎತ್ತಿ ನೋಡಿದರೆ ಅದರ ಮೈತುಂಬ ಬ್ರಾಹ್ಮಿ ಅಕ್ಷರ. ಅಶೋಕನ ಶಾಸನ! ಪೀಠ ಮಾಡುವಾಗ ನಡುವೆ ಕೊರೆದ ತೂತಿನಿಂದ ಕೆಲವು ಅಕ್ಷರ ಹೋಗಿವೆ, ಉಳಿದವು ನಿಂತಿವೆ. ಅದರಲ್ಲಿರುವ, 'ಪ್ರತ್ಯೇಕ ಶಾಸನ' ಎಂದೇ ಕರೆಯುವ ಎರಡು ಶಾಸನಗಳು ಕಳಿಂಗದ (ಈಗಿನ ಒಡಿಶಾ) ಧೌಲಿ ಮತ್ತು ಜೌಗಡಗಳನ್ನು ಬಿಟ್ಟರೆ ನಮ್ಮಲ್ಲಿ ಮಾತ್ರ ಸಿಕ್ಕಿವೆ. ಅದೇ ಕಲ್ಲಿನ ಇನ್ನೊಂದು ಶಾಸನ, ತನ್ನ ಮತದಂತೆಯೇ ಇನ್ನೊಬ್ಬರ ಮತವನ್ನೂ ಗೌರವಿಸಬೇಕು ಎನ್ನುತ್ತದೆ. ನಾನು ಎಂ.ಎ. ಓದುವಾಗ ಅದರ ಅರ್ಥವನ್ನು ಮೊದಲ ಸಲ ತಿಳಿದು ಊರಿಗೆ ಬಂದು ಅವ್ವನಿಗೆ ಹೇಳಿದ್ದೆ. ಅವ್ವ "ಅಷ್ಟು ದೊಡ್ಡ ಮಾತು ನಮ್ಮ ದೇವಿ ಕಾಲ ಕೆಳಗ ಇತ್ತೇನು" ಅಂದು ಸುಮ್ಮನೆ ಕೂತುಬಿಟ್ಟಿದ್ದಳು.

ಅಲ್ಲಿಂದ ಹತ್ತಿರದಲ್ಲೇ ಕನಗನಹಳ್ಳಿ. 1990ರ ದಶಕದಲ್ಲಿ ಅಲ್ಲಿ ಉತ್ಖನನ ನಡೆದು ದೊಡ್ಡ ಬೌದ್ಧ ಸ್ತೂಪದ ಅವಶೇಷ ಸಿಕ್ಕಿತು. ಅಲ್ಲಿನ ಶಾಸನಗಳಲ್ಲಿ ಅದಕ್ಕೆ 'ಅಧೋಲೋಕ ಮಹಾಚೈತ್ಯ' ಎಂದು ಹೆಸರು. ರಾಣಿಯರೊಂದಿಗೆ ನಿಂತ ಒಬ್ಬ ದೊರೆಯ ಉಬ್ಬುಶಿಲ್ಪದ ಮೇಲೆ 'ರಾಯೋ ಅಸೋಕೋ' ಎಂದು ಬರೆದಿದೆ. ಅಶೋಕನ ರೂಪವನ್ನು ಅವನದೇ ಹೆಸರು ಬರೆದು ಕೆತ್ತಿದ ಕಲ್ಲದು. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲಿನಂಥದೇ ಸುಣ್ಣಕಲ್ಲಿನಲ್ಲಿ ಎರಡು ಸಾವಿರ ವರ್ಷದ ಹಿಂದೆ ಯಾರೋ ಆ ಮುಖ ತಿದ್ದಿದ್ದಾರೆ. ನನಗೆ ಆ ಕಲ್ಲಿನ ಎದುರು ನಿಂತಾಗಲೆಲ್ಲ ಇದೇ ಯೋಚನೆ, ಕೆತ್ತಿದವನ ಊರು ಯಾವುದಿದ್ದೀತು?

ಇನ್ನು ನಾಗಾವಿ ಇದೆ. 1058ರ ಶಾಸನದಲ್ಲಿ ಅಲ್ಲಿನ ಘಟಿಕಾಸ್ಥಾನದ, ಅಂದರೆ ಆ ಕಾಲದ ವಿದ್ಯಾಕೇಂದ್ರದ ವಿವರವಿದೆ, ವಿದ್ಯಾರ್ಥಿಗಳು, ಉಪಾಧ್ಯಾಯರು, ಗ್ರಂಥಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು. ಕಾಗಿಣಾ ದಂಡೆಯ ಮಳಖೇಡ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟ. ಕನ್ನಡದಲ್ಲಿ ಈವರೆಗೆ ಸಿಕ್ಕಿರುವ ಮೊದಲ ಗ್ರಂಥ 'ಕವಿರಾಜಮಾರ್ಗ' ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಭೀಮಾ ಹೊಳೆಯ ಮೇಲ್ಗಡೆ ಫಿರೋಜಾಬಾದ್, ಬಹಮನಿ ಸುಲ್ತಾನ ಫಿರೋಜ್ ಶಾಹ ಕಟ್ಟಿಸಿದ ಊರು, ಈಗ ಹೊಲಗಳ ನಡುವೆ ಗೋಡೆ ಮತ್ತು ಬಾಗಿಲು.

ಇಷ್ಟು ಇದ್ದೂ ಬರುವವನಿಗೆ ದಾರಿ ಕೇಳಲು ಒಂದು ಫಲಕ ಇರಲಿಲ್ಲ. ಹೆಣ್ಣುಮಕ್ಕಳು ಬಂದರೆ ಶೌಚಕ್ಕೆ ಊರವರ ಮನೆಯ ಬಾಗಿಲು ತಟ್ಟಬೇಕಿತ್ತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39, ಆ 39ರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಕಲಬುರಗಿ ವಿಭಾಗದವು. ಮುಂದೆ ಸಂವಿಧಾನದಲ್ಲಿ ನಮ್ಮ ಭಾಗಕ್ಕೆಂದು 371(ಜೆ) ವಿಧಿ ಬಂತು, ಓದಿಗೆ ಮತ್ತು ನೌಕರಿಗೆ ದಾರಿಯಾಯಿತು, ಅದರ ಉಪಕಾರ ನಾನೂ ಉಂಡಿದ್ದೇನೆ. ಆದರೆ ಪ್ರವಾಸೋದ್ಯಮ ಅಂದಾಗ ಮಾತು ಹಂಪಿ, ಮೈಸೂರು, ಕರಾವಳಿ ಕಡೆಗೆ ಹೊರಳುತ್ತಿತ್ತು. ಅವುಗಳ ಬಗ್ಗೆ ನಮಗೆ ಹೊಟ್ಟೆಕಿಚ್ಚಿಲ್ಲ. ನಮ್ಮ ಪಾಲು ಎಲ್ಲಿ ಎಂದು ಕೇಳಿದೆವು, ಅಷ್ಟೇ.

2019ರಲ್ಲಿ ಮೊದಲ ಮನವಿ ಹಿಡಿದು ಏಳು ಜನ ಒಂದು ಕಚೇರಿಗೆ ಹೋದೆವು. ಅಲ್ಲಿದ್ದವರು ಒಳ್ಳೆಯ ಮಾತಿನಲ್ಲೇ ಕೇಳಿದರು, "ವರ್ಷಕ್ಕೆ ಎಷ್ಟು ಜನ ಬರ್ತಾರ ನಿಮ್ಮಲ್ಲಿ?" ನಮ್ಮಲ್ಲಿ ಉತ್ತರ ಇರಲಿಲ್ಲ. ಟಿಕೆಟ್ ಇಲ್ಲ, ಪುಸ್ತಕ ಇಲ್ಲ, ಎಣಿಸುವವರಿಲ್ಲ. "ಲೆಕ್ಕ ಇಲ್ಲದೆ ಅನುದಾನ ಹೆಂಗ ಕೇಳೋದು" ಅಂದರು. ಜನ ಬರುವುದಿಲ್ಲವೆಂದು ಹಣ ಇಲ್ಲ, ಹಣ ಇಲ್ಲದ್ದರಿಂದ ಜನ ಬರುವುದಿಲ್ಲ. ಬಸ್ಸಿನಲ್ಲಿ ಬರುವಾಗ ಯಾರೂ ಮಾತಾಡಲಿಲ್ಲ.

ಇಳಿದು ಚಹಾ ಕುಡಿಯಲು ಕಾಕಾನ ಅಂಗಡಿಗೆ ಹೋದೆವು. ನಡೆದದ್ದು ಕೇಳಿ ಕಾಕಾ ಅಂದದ್ದು ಒಂದೇ ಮಾತು: "ಬಂದವರೆಲ್ಲ ದಾರಿ ಕೇಳೋದು ನನ್ನ ಹತ್ರಾನೇ. ಒಂದು ನೋಟ್‌ಬುಕ್ ಕೊಡು ತಂಗಿ, ಬರೀತೀನಿ." ಇನ್ನೂರು ಪುಟದ ನೋಟ್‌ಬುಕ್‌ಗೆ ಗೆರೆ ಹಾಕಿ ಕೊಟ್ಟೆ. ತಾರೀಕು, ಊರು, ಎಷ್ಟು ಜನ, ಏನು ನೋಡಲು ಬಂದರು, ಏನು ಸಿಗಲಿಲ್ಲ. ಆ ಕೊನೆಯ ಕಾಲಂ ಕಾಕಾನದೇ ಯೋಚನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಮನುಷ್ಯ ದಿನಾ ಬೆಳಿಗ್ಗೆ ಆರಕ್ಕೆ ಒಲೆ ಹಚ್ಚಿ, ಸಂಜೆ ಮುಚ್ಚುವವರೆಗೂ ಒಬ್ಬರನ್ನೂ ಬಿಡದೆ ಬರೆದ. 'ಪುಣೆಯಿಂದ ಗಂಡ ಹೆಂಡತಿ. ಬುದ್ಧನ ಕಲ್ಲು ನೋಡಲಿಕ್ಕೆ. ನೀರು ಸಿಗಲಿಲ್ಲ.' 'ಕಾಲೇಜಿನ ಹುಡುಗರು, ಒಂದು ಬಸ್. ಹೇಳುವವರು ಯಾರೂ ಇಲ್ಲ.' 'ಮುದುಕಿ ಒಬ್ಬಳೇ. ದೇವಿ ದರ್ಶನ. ನೆರಳು ಸಿಗಲಿಲ್ಲ.' ಕಾಕಾ, ನೀವು ಕಡೆಯ ಕಾಲಂನಲ್ಲಿ ಬರೆದದ್ದನ್ನೇ ಒಟ್ಟು ಮಾಡಿ ನಾನು ಬೇಡಿಕೆಪಟ್ಟಿ ಟೈಪ್ ಮಾಡಿದೆ. ಹೊಸದಾಗಿ ಏನೂ ಯೋಚಿಸಬೇಕಾಗಲಿಲ್ಲ. ಮುಂದೆ ಎಲ್ಲಿ ಹೋದರೂ ಮೇಜಿನ ಮೇಲೆ ಮೊದಲು ಇಟ್ಟದ್ದು ನಿಮ್ಮ ನೋಟ್‌ಬುಕ್. ಅದನ್ನು ತಿರುವಿ ಹಾಕಿದ ಮೇಲೆ ಆ ಮೊದಲಿನ ಪ್ರಶ್ನೆಯನ್ನು ಯಾರೂ ಮತ್ತೆ ಕೇಳಲಿಲ್ಲ.

2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ಎಲ್ಲ ನಿಂತಿತು. ತೊಗರಿ ಹೋಯಿತು, ಮನೆಯೊಳಗೆ ನೀರು. ಅಂಥ ಹೊತ್ತಿನಲ್ಲಿ ಹಳೇ ಕಲ್ಲಿನ ಮಾತಾಡಲು ನನಗೇ ನಾಚಿಕೆಯಾಗುತ್ತಿತ್ತು. ಚಹಾ ಅಂಗಡಿಯ ತಗಡು ಕಿತ್ತುಹೋಗಿತ್ತು. ಕಾಕಾನ ಮನೆಯವರು ಗೋಧಿ ಚೀಲದ ಜೊತೆ ನೋಟ್‌ಬುಕ್ಕನ್ನೂ ಅಟ್ಟಕ್ಕೆ ಏರಿಸಿಟ್ಟಿದ್ದರು. ಚಾಚಿ, ಆ ರಾತ್ರಿ ಏನೇನು ಬಿಟ್ಟು ಬಂದಿರೋ ನನಗೆ ಗೊತ್ತು. ಇದನ್ನು ಬಿಡಲಿಲ್ಲ ನೀವು.

ನೀರು ಇಳಿದ ಮೇಲೆ ಬೇರೆ ಕಷ್ಟ ಬಂತು, ಅದು ಊರೊಳಗಿನದು. ಸ್ಮಾರಕ ಅಂತ ಆದರೆ ಮನೆ ಕೆಡವುತ್ತಾರೆ ಎಂಬ ಮಾತು ಹಬ್ಬಿತು. ಗ್ರಾಮಸಭೆಯಲ್ಲಿ ಒಬ್ಬ ಅವ್ವ ಎದ್ದು ನಿಂತು, "ಕಲ್ಲು ಉಳಸ್ಲಿಕ್ಕ ಹೋಗಿ ನಮ್ಮನ್ನ ಎಬ್ಬಸ್ತೀಯೇನು ಯವ್ವಾ?" ಎಂದು ಕೇಳಿದಳು. ಅವಳ ಭಯ ಸುಳ್ಳಾಗಿರಲಿಲ್ಲ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕವಾದರೆ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅದರ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಕಲಬುರಗಿಯಿಂದ ಒಬ್ಬ ವಕೀಲರು ತಮ್ಮ ಖರ್ಚಿನಲ್ಲೇ ಮೂರು ಸಲ ಬಂದು, ಕಟ್ಟೆಯ ಮೇಲೆ ಕೂತು, ಹಗ್ಗ ಹಿಡಿದು ಅಳೆದು ತೋರಿಸಿದರು. ಮೊದಲಿನ 100 ಮೀಟರಿನೊಳಗೆ ಹೊಸ ಕಟ್ಟಡ ಆಗದು, ಇದ್ದ ಮನೆಯ ದುರಸ್ತಿಗೆ ಅನುಮತಿ ಕೇಳಬಹುದು, ಆಚೆಯ 200ರಲ್ಲಿ ಅನುಮತಿ ಪಡೆದು ಕಟ್ಟಬಹುದು. ರಾಜ್ಯದ ರಕ್ಷಣೆಗೆ ಬೇರೆಯೇ ಕಾಯ್ದೆ, 1961ರದು. ಇದನ್ನೆಲ್ಲ ಅವರು ಮುಚ್ಚಿಡದೆ ಹೇಳಿದರು, ತೊಂದರೆ ಎಲ್ಲಿ ಆಗಬಹುದು ಎಂಬುದನ್ನೂ ಹೇಳಿದರು. ಶೌಚಾಲಯ ಮತ್ತು ಊಟದ ಮನೆಯ ಜಾಗವನ್ನು ಗುಡಿಯ ಪಕ್ಕದಿಂದ ಊರ ಬಾಯಿಗೆ ಸರಿಸಿದ್ದು ಆ ದಿನದ ಮಾತಿನಿಂದಲೇ. ಹಾಗೆ ಸರಿಸಿದ್ದಕ್ಕೆ ಬರುವವರು ಮುಂದೆ ಊರೊಳಗಿಂದ ನಡೆದು ಹೋಗುತ್ತಾರೆ. ಪ್ರಶ್ನೆ ಕೇಳಿದ ಅವ್ವ, ನಿಮಗೆ ನನ್ನ ನಮಸ್ಕಾರ. ನೀವು ಅಂದು ಎದ್ದು ನಿಲ್ಲದಿದ್ದರೆ ನಾವು ತಪ್ಪು ಜಾಗ ಬರೆದುಕೊಟ್ಟು ಕೂರುತ್ತಿದ್ದೆವು.

ಆದೇಶದ ಆ ಕೊನೆಯ ಎರಡು ಸಾಲು ಎಲ್ಲಿಂದ ಬಂದವೆಂದೂ ಹೇಳಬೇಕು. ನಮ್ಮೂರ ಒಬ್ಬ ಹುಡುಗ ಗುಳೆ ಹೋಗಿ ದೂರದ ಪ್ರವಾಸಿ ಊರೊಂದರ ಹೋಟೆಲಿನಲ್ಲಿ ನಾಲ್ಕು ವರ್ಷ ಪಾತ್ರೆ ತೊಳೆದವನು. ರಜೆಗೆ ಬಂದಾಗ ನಮ್ಮ ಬೇಡಿಕೆಪಟ್ಟಿ ಓದಿ, "ಅಕ್ಕಾ, ರೋಡ್ ಆದ ಮ್ಯಾಲೆ ಹೊರಗಿನವರು ಬಂದು ಜಾಗ ತಗೋತಾರ. ನಮ್ಮವರು ಅಲ್ಲೇ ಪಾತ್ರೆ ತೊಳೀತಾರ. ಅದನ್ನ ಬರದೀಯೇನು ಇದರಾಗ?" ಎಂದ. ಬರೆದಿರಲಿಲ್ಲ. ಆ ರಾತ್ರಿ ಅವನನ್ನೇ ಕೂರಿಸಿಕೊಂಡು ಪಟ್ಟಿಯನ್ನು ಮತ್ತೆ ಟೈಪ್ ಮಾಡಿದೆ. ಮುಂದಿನ ಎಲ್ಲ ಸಭೆಗಳಲ್ಲಿ ಎಲ್ಲರೂ ರಸ್ತೆಗೆ ಒಪ್ಪುತ್ತಿದ್ದರು, ಈ ಮಾತಿಗೆ ಬಂದಾಗ "ಅದನ್ನ ಆಮೇಲೆ ನೋಡೋಣ" ಎನ್ನುತ್ತಿದ್ದರು. ಸಂಘದ ಹೆಣ್ಣುಮಕ್ಕಳು ಆಮೇಲೆ ಎಂಬ ಮಾತಿಗೆ ಒಪ್ಪಲಿಲ್ಲ. ಜೋಳದ ರಾಶಿಯ ದಿನಗಳಲ್ಲೂ ಕೂಲಿ ಬಿಟ್ಟು ಬಂದು ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತರು. ಒಂದು ಸಲ ಬುತ್ತಿ ಕಟ್ಟಿಕೊಂಡು ಬಂದು ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ ಎಲ್ಲರ ಮುಂದೆ ಬಡಿಸಿ, "ಇದನ್ನ ಮಾಡ್ಲಿಕ್ಕ ಹೊರಗಿನವರು ಬೇಕೇನ್ರಿ ಸಾಹೇಬ್ರ?" ಎಂದು ಕೇಳಿದರು. ಉಂಡವರಿಂದ ಉತ್ತರ ಬರಲಿಲ್ಲ. ಟಿಪ್ಪಣಿಯಲ್ಲಿ ಆ ಸಾಲು ಸೇರಿದ್ದು ಆ ಸಭೆಯ ನಂತರ.

ಒಂದು ಕಚೇರಿಯಲ್ಲಿ ನಮ್ಮ ಕಡತ ಎಂಟು ತಿಂಗಳು ಸಿಗದೆ ಹೋದಾಗ, ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕಡತದ ಚಲನವಲನದ ಪ್ರತಿ ಕೇಳಬೇಕೆಂದು ಮೆಟ್ಟಿಲ ಮೇಲೆ ಮೆಲ್ಲಗೆ ಹೇಳಿಕೊಟ್ಟ ಗುಮಾಸ್ತರಿಗೆ, ಶಾಸನದ ಪಡಿಯಚ್ಚನ್ನು ಕಾಗದದ ಮೇಲೆ ತೆಗೆಯಲು ಕಲಿಸಿದ ಮೇಷ್ಟ್ರಿಗೆ, ಸಂಜೆಯ ಕೊನೇ ಬಸ್ಸನ್ನು ನಮಗಾಗಿ ಎಷ್ಟೋ ಸಲ ಹತ್ತು ನಿಮಿಷ ನಿಲ್ಲಿಸಿಕೊಂಡ ಕಂಡಕ್ಟರ್ ಅಣ್ಣನಿಗೆ, ಮುಂಬೈ ಹೈದರಾಬಾದಿನಲ್ಲಿ ಗಾರೆ ಕೆಲಸ ಮಾಡುತ್ತ ಜೆರಾಕ್ಸ್ ಖರ್ಚಿಗೆಂದು ನೂರಿನ್ನೂರು ಕಳಿಸಿದ ಅಣ್ಣ ತಮ್ಮಂದಿರಿಗೆ ಶರಣು.

ಮುತ್ಯಾ, ನಿಮಗೆ ಹೇಳಲು ತಡವಾಯಿತು. ನಿಮ್ಮ ಮನೆಯ ಮುಂದಿನ ವೀರಗಲ್ಲಿನ ಮೇಲೆ ಯಾರೂ ಬಟ್ಟೆ ಒಗೆಯದಂತೆ ಬಡಿಗೆ ಹಿಡಿದು ಐವತ್ತು ವರ್ಷ ಕಾದಿರಿ. ಯಾಕೆ ಎಂದು ಕೇಳಿದರೆ "ಯಾರೋ ಸತ್ತಾನ ಅದರಾಗ, ಊರಿಗಾಗಿ ಸತ್ತಾನ" ಎನ್ನುತ್ತಿದ್ದಿರಿ. ಅಕ್ಷರ ನಿಮಗೆ ಬರುತ್ತಿರಲಿಲ್ಲ. ಎಷ್ಟೋ ಊರುಗಳಲ್ಲಿ ಇಂಥ ಕಲ್ಲುಗಳು ಮೆಟ್ಟಿಲಾಗಿ ಸವೆದವು, ನಿಮ್ಮದು ಮೂರು ಪಟ್ಟಿಯೂ ಸ್ಪಷ್ಟವಾಗಿ ನಿಂತಿದೆ. ಹೋದ ವರ್ಷ ಶ್ರಾವಣದಲ್ಲಿ ನೀವು ಹೋದಿರಿ, ಆದೇಶ ನೋಡಲಿಲ್ಲ.

ಕೆಲಸ ಮಳೆಗಾಲ ಮುಗಿದ ಮೇಲೆ ಶುರುವಾಗುತ್ತದೆ. ಕಾಕಾನ ಮೂರು ನೋಟ್‌ಬುಕ್ ತುಂಬಿವೆ, ನಾಲ್ಕನೆಯದಕ್ಕೆ ನಿನ್ನೆ ಗೆರೆ ಹಾಕಿ ಕೊಟ್ಟೆ. ಮಾರ್ಗದರ್ಶಿಯಾಗಲು ಹೆಸರು ಕೊಟ್ಟವರಲ್ಲಿ ಮುತ್ಯಾನ ಮೊಮ್ಮಗಳೂ ಇದ್ದಾಳೆ, ಮೂರು ತಿಂಗಳಿಂದ ಹಳಗನ್ನಡ ಲಿಪಿ ಕಲಿಯುತ್ತಿದ್ದಾಳೆ. ಮೊನ್ನೆ ಸಂಜೆ ಅಂಗಡಿಗೆ ಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಕಲ್ಲಿನ ಮುಂದೆ ಮೊಣಕಾಲೂರಿ, ಅಕ್ಷರಗಳ ಮೇಲೆ ನೀರು ಸವರಿ, ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದು, ಅಜ್ಜ ಕಾದ ಕಲ್ಲಿನ ಮೊದಲ ಪದವನ್ನು ಬೆರಳಿಟ್ಟು ಓದಿದಳು.

'ಸ್ವಸ್ತಿ' ಎಂದಿತ್ತು.